ಮಾತು ಯಾರ ಹೆಸರಿನಲ್ಲಿ?

ಕನಕಪುರದಿಂದ ಸಾತನೂರಿನ ಕಡೆಗೆ ಹೋಗುವವರಿಗೆ ಕಬ್ಬಾಳದ ಬೆಟ್ಟ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಕೋಟೆಯ ಪಳೆಯುಳಿಕೆ. ಮೈಸೂರು ಸಂಸ್ಥಾನದಲ್ಲಿ ಕಬ್ಬಾಳದುರ್ಗ ಅಂದರೆ ಸೆರೆ ಎಂದೇ ಅರ್ಥ. 1734ರಲ್ಲಿ ದಳವಾಯಿಗಳು ಪಟ್ಟದಲ್ಲಿದ್ದ ಚಾಮರಾಜ ಒಡೆಯರನ್ನೇ ಕೆಳಗಿಳಿಸಿ ಈ ಬೆಟ್ಟಕ್ಕೆ ಕಳಿಸಿದರು. ದೊರೆ ಮತ್ತೆ ಇಳಿದು ಬರಲಿಲ್ಲ.

ಬೆಟ್ಟದ ಬುಡದಲ್ಲಿ ಕಬ್ಬಾಳಮ್ಮನ ಗುಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಎಷ್ಟೋ ಮನೆಗಳಿಗೆ ಅವಳೇ ಮನೆದೇವರು. ಮಗುವಿಗೆ ಕಬ್ಬಾಳಯ್ಯ, ಕಬ್ಬಾಳೇಗೌಡ, ಕಬ್ಬಾಳಮ್ಮ ಎಂದು ಹೆಸರಿಡುವ ಮನೆಗಳು ಇಲ್ಲಿ ಹೊಸವಲ್ಲ. ಊರಿನ ಹೆಸರು ದೇವಿಗೆ ಬಂತು, ದೇವಿಯ ಹೆಸರು ಮಕ್ಕಳಿಗೆ ಬಂತು. ‘ನನ್ನ ಸ್ವಂತ ಹೆಸರು’ ಎಂದು ಆಧಾರ್ ಕಾರ್ಡಿನಲ್ಲಿ ಬರೆಸಿಕೊಂಡದ್ದೂ ಹೀಗೆ ಇನ್ನೊಬ್ಬರಿಂದ ಪಡೆದದ್ದೇ.

ಮೇಲೆ ಸೆರೆ, ಕೆಳಗೆ ದೇವಿ. ಮಾತಾಡುವವರು ತಮ್ಮ ಹೆಸರು ಹೇಳಬೇಕೇ, ಮರೆಸಬೇಕೇ ಎಂಬ ಇವತ್ತಿನ ಜಗಳಕ್ಕೂ ಈ ಎರಡು ತುದಿಗಳಿವೆ. ಹೆಸರು ತಿಳಿದರೆ ಅಧಿಕಾರದಲ್ಲಿದ್ದವರು ಆಡಿದವರನ್ನು ಬೆಟ್ಟ ಹತ್ತಿಸಬಲ್ಲರು. ಹೆಸರು ತಿಳಿಯದಿದ್ದರೆ ಆಡಿದ ಮಾತಿಗೆ ಸಾಕ್ಷಿ ನಿಲ್ಲುವವರು ಯಾರು? ಮೊಬೈಲಿನಲ್ಲಿ ಬರೆಯುವ ಪ್ರತಿಯೊಬ್ಬರೂ ನಿಜನಾಮದಲ್ಲೇ ಬರೆಯಬೇಕೆಂದು ಒತ್ತಾಯಿಸುವವರಿದ್ದಾರೆ. ಗುಪ್ತನಾಮ ಹೋದರೆ ಬಡವರ ಬಾಯಿ ಹೋದಂತೆ ಎನ್ನುವವರೂ ಇದ್ದಾರೆ. ಇಬ್ಬರೂ ಇದನ್ನು ಪೊಲೀಸು ಮತ್ತು ಕಾನೂನಿನ ಪ್ರಶ್ನೆಯಾಗಿ ನೋಡುತ್ತಾರೆ. ಕನ್ನಡದಲ್ಲಿ ಮಾತ್ರ ಇದು ಮೊದಲು ಧರ್ಮದ ಪ್ರಶ್ನೆಯಾಗಿ ಹುಟ್ಟಿತು. ಅದಕ್ಕೆ ಸುಮಾರು ಒಂಬೈನೂರು ವರ್ಷ ವಯಸ್ಸಾಗಿದೆ.

ಹನ್ನೆರಡನೆಯ ಶತಮಾನದ ಶರಣರು ತಮ್ಮ ಮಾತಿನ ಕೊನೆಗೆ ಇಟ್ಟ ಮುದ್ರೆಗೆ ಅಂಕಿತ ಎಂದು ಹೆಸರು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ. ಬರೆದವರು ತಮ್ಮ ಹೆಸರು ಹಾಕದೆ ತಮ್ಮ ದೇವರ ಹೆಸರು ಹಾಕಿದರು. ಇದು ಮರೆಯಾಗುವ ಉಪಾಯವಾಗಿರಲಿಲ್ಲ. ಕಲ್ಯಾಣದಲ್ಲಿ ಕೂಡಲಸಂಗಮದೇವ ಎಂದು ಮುಗಿಯುವ ಮಾತು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ದೊರೆ ಬಿಜ್ಜಳನ ಆಸ್ಥಾನಕ್ಕೂ ಗೊತ್ತಿತ್ತು. ಆಡುವ ಪ್ರತಿಯೊಂದು ಮಾತನ್ನೂ ದೇವರ ಎದುರಿಗೆ ಒಪ್ಪಿಸಿ, ಅವನನ್ನೇ ಸಾಕ್ಷಿಗೆ ಕರೆದು ಮುಗಿಸಬೇಕು. ಹಾಗೆ ಮುಗಿಸಲಾಗದ ಮಾತನ್ನು ಆಡಬಾರದು. ಅಂಕಿತದ ಕಟ್ಟು ಇದು.

ಅಂಬಿಗರ ಚೌಡಯ್ಯ ಮಾತ್ರ ಬೇರೆ ದಾರಿ ಹಿಡಿದ. ಅವನ ವಚನಗಳ ಕೊನೆಯಲ್ಲಿ ದೇವರ ಹೆಸರಿಲ್ಲ. ಅವನದೇ ಹೆಸರು, ಅದೂ ದೋಣಿ ನಡೆಸುವ ಕಸುಬಿನ ಸಮೇತ. ದೊಡ್ಡವರನ್ನೂ ಡಂಭಾಚಾರಿಗಳನ್ನೂ ಅವನಷ್ಟು ಖಾರವಾಗಿ ಜರೆದವರು ಶರಣರಲ್ಲಿ ಕಡಿಮೆ. ಹಾಗೆ ಜರೆಯುವಾಗ, ಹೇಳಿದ್ದು ಯಾವನು ಎಂದು ಕೇಳುವವರಿಗೆ ಅವನು ಮೊದಲೇ ಉತ್ತರ ಕೊಟ್ಟಿರುತ್ತಿದ್ದ. ಕೀಳೆಂದು ಸಮಾಜ ಎಣಿಸಿದ ಕಸುಬನ್ನೇ ಸಹಿಯಾಗಿ ಮಾಡಿಕೊಂಡವನ ಧೈರ್ಯ ಅದು. ಒಂದೇ ಚಳವಳಿಯೊಳಗೆ ಹೆಸರನ್ನು ದೇವರಿಗೆ ಬಿಟ್ಟವರೂ ಹೆಸರನ್ನು ಎತ್ತಿ ಹಿಡಿದವನೂ ಇದ್ದರು. ಒಬ್ಬರ ರೀತಿಯನ್ನು ಇನ್ನೊಬ್ಬರ ಮೇಲೆ ಯಾರೂ ಹೇರಲಿಲ್ಲ. ಇನ್ನು ಕೆಲವು ವಚನಗಳಿಗೆ ಈಗ ಅಂಕಿತವಷ್ಟೇ ಗುರುತು. ಬರೆದವರು ಯಾರೆಂಬುದು ಅಳಿಸಿಹೋಗಿದೆ. ವಿದ್ವಾಂಸರು ಅವರನ್ನು ಆ ಅಂಕಿತದಿಂದಲೇ ಕರೆಯುತ್ತಾರೆ.

ದಾಸರ ಕಾಲಕ್ಕೆ ಬಂದರೆ ಈ ಕಟ್ಟಿಗೆ ಒಂದು ವಿಧಿಯೇ ಬೆಳೆದಿತ್ತು. ಅಂಕಿತವನ್ನು ತಾನಾಗಿ ಇಟ್ಟುಕೊಳ್ಳುವ ಹಾಗಿಲ್ಲ, ಗುರು ಕೊಡಬೇಕು. ಚನ್ನಪಟ್ಟಣದ ಪಕ್ಕದ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನವಿದೆ. ಅವರಿಂದ ಸನ್ಯಾಸ ಪಡೆದ ವ್ಯಾಸತೀರ್ಥರು ಸಂಸ್ಕೃತದಲ್ಲಿ ಘನ ತರ್ಕಗ್ರಂಥಗಳನ್ನು ಬರೆದರು, ಕನ್ನಡದಲ್ಲಿ ‘ಸಿರಿಕೃಷ್ಣ’ ಎಂಬ ಅಂಕಿತದಲ್ಲಿ ಹಾಡಿದರು. ಅವರ ಶಿಷ್ಯ ಪುರಂದರದಾಸರು ಪುರಂದರ ವಿಠಲನಾದರು. ಅಬ್ಬೂರಿಗೆ ದೂರವಲ್ಲದ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನು ನೋಡಿಯೇ ದಾಸರು ತಮ್ಮ ಅತಿ ಪ್ರಸಿದ್ಧ ಕೀರ್ತನೆಯೊಂದನ್ನು ಹಾಡಿದರೆಂದು ಊರಿನವರ ನಂಬಿಕೆ. ಶಿಶುನಾಳದ ಮುಸ್ಲಿಂ ಮನೆಯಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಗುರು ಗೋವಿಂದ ಭಟ್ಟರ ಶಿಷ್ಯರಾಗಿ, ‘ಶಿಶುನಾಳಾಧೀಶ’ ಎಂದು ಹಾಡು ಮುಗಿಸಿದರು. ಹುಟ್ಟಿದ ಹೆಸರು ಒಂದು ಮತದ್ದು, ಅಂಕಿತ ಊರ ದೇವರದು. ಎರಡರಲ್ಲಿ ಯಾವುದು ಅವರ ‘ನಿಜವಾದ’ ಹೆಸರು ಎಂದು ಕೇಳಿದರೆ ಶಿಶುನಾಳದ ಜನ ಎರಡನ್ನೂ ಹೇಳುತ್ತಾರೆ.

ಈ ಪರಂಪರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮಾತಿನಿಂದ ಬರುವ ಹೆಚ್ಚುಗಾರಿಕೆಯನ್ನು ಅಂಕಿತ ದೇವರಿಗೆ ಕೊಡುತ್ತದೆ, ಹೊಣೆಯನ್ನು ಆಡಿದವನಲ್ಲೇ ಉಳಿಸುತ್ತದೆ. ಕೀರ್ತಿ ಅವನದು, ತಪ್ಪು ನನ್ನದು ಎಂಬ ಹಂಚಿಕೆ. ಇನ್ನೊಬ್ಬರ ಮೇಲೆ ಕೆಸರೆರಚಲು ಇಟ್ಟುಕೊಂಡ ಹುಸಿಹೆಸರು ಇದನ್ನು ತಿರುಗಾಮುರುಗಾ ಮಾಡುತ್ತದೆ. ಬಯ್ದ ಸುಖ ಬಯ್ದವನಿಗೆ, ಹೊಣೆ ಮಾತ್ರ ಇಲ್ಲದ ವ್ಯಕ್ತಿಗೆ. ಹೊರಗಿನಿಂದ ಎರಡೂ ಗುಪ್ತನಾಮಗಳೇ. ಒಳಗಿನ ಧರ್ಮ ಪೂರ್ತಿ ಬೇರೆ.

ಅಂಕಿತವನ್ನು ಕನ್ನಡಿಗರು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಎಂಬುದು ಇತ್ತೀಚೆಗೂ ಪರೀಕ್ಷೆಗೆ ಬಂತು. ಕೂಡಲಸಂಗಮದ ಬಸವ ಧರ್ಮ ಪೀಠದ ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ ಎಂಬ ತಮ್ಮ ಸಂಕಲನದಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ವನ್ನು ತೆಗೆದು ‘ಲಿಂಗದೇವ’ ಎಂದು ಹಾಕಿದರು. ಇಷ್ಟಲಿಂಗದ ಉಪಾಸನೆಗೆ ಅದೇ ತಕ್ಕ ಅಂಕಿತ ಎಂಬುದು ಅವರ ನಿಲುವು. ನಾಡು ಸಿಟ್ಟಿಗೆದ್ದಿತು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರ ಸೆಪ್ಟೆಂಬರಿನಲ್ಲಿ ಕೋರ್ಟು ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದು ಒಳ್ಳೆಯ ಪರಿಹಾರವಲ್ಲ. ವಾದಕ್ಕೆ ವಾದವೇ ಉತ್ತರವಾಗಬೇಕಿತ್ತು. ಆದರೆ ಜನ ಯಾಕೆ ಅಷ್ಟು ನೊಂದರು ಎಂಬುದು ಗಮನಿಸಬೇಕಾದದ್ದು. ವಚನದ ಒಳಗಿನ ಒಂದು ಶಬ್ದವೂ ಬದಲಾಗಿರಲಿಲ್ಲ ಎಂದುಕೊಂಡರೂ, ಬಸವಣ್ಣನವರು ಯಾರ ಎದುರಿಗೆ ನಿಂತು ಆ ಮಾತಾಡಿದರೋ ಆ ಸಾಕ್ಷಿಯನ್ನೇ ಬದಲಿಸಿದಂತಾಗಿತ್ತು. ತಾನು ಇಟ್ಟುಕೊಂಡ ಹೆಸರಿನ ಮೇಲೆ ಬರೆದವನಿಗೆ ಹಕ್ಕಿದೆ, ಎಂಟು ಶತಮಾನ ಕಳೆದರೂ ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ ಎಂದು ಈ ಪ್ರಕರಣ ಹೇಳಿತು.

ಹೆಸರಿನ ಈ ಹಂಚಿಕೆಯನ್ನು ಕನ್ನಡದ ಹೊರಗೆ ಸ್ಪಷ್ಟವಾಗಿ ಯೋಚಿಸಿದವನು ಡೆನ್ಮಾರ್ಕಿನ ತತ್ವಜ್ಞಾನಿ ಸೊರೆನ್ ಕೀರ್ಕೆಗಾರ್ಡ್. 1843ರಿಂದ ಅವನು ಬರೆದ ಮುಖ್ಯ ಗ್ರಂಥಗಳಲ್ಲಿ ಹಲವು ಬೇರೆಬೇರೆ ಕಲ್ಪಿತ ಹೆಸರುಗಳಲ್ಲಿ ಬಂದವು. ನಂಬಿಕೆಯ ಬಗ್ಗೆ ಒಬ್ಬ ಪಂಡಿತ ಅಧಿಕಾರವಾಣಿಯಲ್ಲಿ ಹೇಳಿಬಿಟ್ಟರೆ ಓದುಗ ಸ್ವತಃ ಯೋಚಿಸುವುದಿಲ್ಲ ಎಂಬುದು ಅವನ ಚಿಂತೆ. ಅದಕ್ಕೇ ತನ್ನ ಹೆಸರನ್ನು ನಡುವಿನಿಂದ ಸರಿಸಿಕೊಂಡ. ಆದರೆ 1846ರಲ್ಲಿ ತಾನೇ ಮುಂದೆ ಬಂದು, ಆ ಬರಹಗಳ ನಿಲುವುಗಳು ಆ ಕಲ್ಪಿತ ಲೇಖಕರವು, ಕಾನೂನಿನ ಹೊಣೆ ಮಾತ್ರ ತನ್ನದು ಎಂದು ಪುಸ್ತಕದ ಕೊನೆಯಲ್ಲಿ ಸಹಿ ಹಾಕಿದ. ಶರಣರ ವಿಷಯ ಅವನಿಗೆ ಗೊತ್ತಿರಲು ಸಾಧ್ಯವಿಲ್ಲ. ಹೊಣೆಯ ಬಗ್ಗೆ ಅವನು ಮುಟ್ಟಿದ ಜಾಗ ಮಾತ್ರ ಅದೇ.

ಹೊಸಗನ್ನಡದ ಕಾಲದಲ್ಲಿ ಅಂಕಿತ ಕಾವ್ಯನಾಮವಾಯಿತು. ದೇವರು ಹಿಂದೆ ಸರಿದ, ಬಗೆಬಗೆಯ ಕಾರಣಗಳು ಮುಂದೆ ಬಂದವು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ತಾವು ಬರೆದ ಗದ್ಯಕಾವ್ಯವನ್ನು ಮುದ್ದಣನೆಂಬ ಹಳೆಯ ಕವಿಯದೆಂದು ನಂಬಿಸಿ ಮೈಸೂರಿಗೆ ಕಳಿಸಿದರು. ಹೊಸಬನ ಬರಹವೆಂದರೆ ಪಂಡಿತರು ಓದುವುದೇ ಇಲ್ಲ ಎಂಬ ಅಳುಕಿಗೆ ಇಂಥ ಮರೆ ಬೇಕಾಗುತ್ತದೆ. ಅವರು 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲೇ, ಕ್ಷಯದಿಂದ ತೀರಿಕೊಂಡರು. ಹೆಚ್ಚುಗಾರಿಕೆ ಅವರ ಕೈಗೆ ಸಿಗಲೇ ಇಲ್ಲ.

ಕ್ಲೋಸ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಕಾಲದ ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಅವರದು ಇನ್ನೂ ಕುತೂಹಲದ ಕಥೆ. ಅವರಿಗೆ ಮನೆಯವರು ಇಟ್ಟ ಹೆಸರು ರಾಜಯ್ಯಂಗಾರ್ ಎಂದೂ, ಶಾಲೆಯ ದಿನಗಳಲ್ಲಿ ಗುಮಾಸ್ತರನ್ನು ಒಪ್ಪಿಸಿ ದಾಖಲೆಯಲ್ಲಿ ರಾಜರತ್ನಂ ಎಂದು ತಿದ್ದಿಸಿಕೊಂಡರೆಂದೂ ಹೇಳುತ್ತಾರೆ. ಮುಂದೆ ಕಾಲೇಜಿನ ಮೇಷ್ಟರಾಗಿ, ಬೌದ್ಧ ಜೈನ ಗ್ರಂಥಗಳಲ್ಲಿ ಮುಳುಗಿದ ಅವರು ಕುಡುಕ ರತ್ನನ ಬಾಯಲ್ಲಿ ಪದಗಳನ್ನು ಕಟ್ಟಿದರು. ತಮ್ಮ ಹೆಸರಿನಿಂದಲೇ ಒಂದು ತುಂಡು ಮುರಿದು, ಸಮಾಜ ಮೂಗು ಮುಚ್ಚಿಕೊಳ್ಳುವ ಮನುಷ್ಯನಿಗೆ ಕೊಟ್ಟರು. ಆ ಮನುಷ್ಯ ದೇವರ ಎದುರಿಗೂ ನಿಂತು ಮಾತಾಡಿದ. ವಿದ್ವಾಂಸರ ಹೆಸರಿನಲ್ಲಿ ಹೇಳಲಾಗದ ಮಾತು ಅಲ್ಲಿ ಹೇಳಲಾಯಿತು. ಮುಖವಾಡದ ಒಳ್ಳೆಯ ಬಳಕೆಗೆ ರಾಮನಗರದ ಸೀಮೆ ಕೊಟ್ಟ ಉದಾಹರಣೆ ಇದು: ಮುಖವಾಡ ಹಾಕಿದವರು ಯಾರೆಂದು ಪುಸ್ತಕದ ರಕ್ಷಾಪುಟದ ಮೇಲೇ ಇತ್ತು.

ಬೇಂದ್ರೆಯವರ ‘ಅಂಬಿಕಾತನಯದತ್ತ’ ತಾಯಿಯ ಹೆಸರನ್ನು ಮುಂದಿಟ್ಟ ಕಾವ್ಯನಾಮ. ಕವಿತೆ ಬರೆಯುವವನು ಆತ, ಗದ್ಯ ಬರೆಯುವವನು ದ.ರಾ. ಬೇಂದ್ರೆ ಎಂದು ಅವರು ಇಬ್ಬರನ್ನೂ ಬೇರೆ ಮಾಡುತ್ತಿದ್ದರು. ಬ್ರಿಟಿಷ್ ಸರ್ಕಾರ ಹಾಗೆ ಬೇರೆ ಮಾಡಲಿಲ್ಲ. ‘ನರಬಲಿ’ ಎಂಬ ಕವಿತೆಗಾಗಿ 1932ರಲ್ಲಿ ಸೆರೆಮನೆಗೆ ಹೋದದ್ದು ಅಂಬಿಕಾತನಯದತ್ತನಲ್ಲ, ಧಾರವಾಡದಲ್ಲಿ ಸಂಸಾರ ಇದ್ದ ಬೇಂದ್ರೆ. ನೌಕರಿಯೂ ಇಲ್ಲದ ಕಷ್ಟದ ವರ್ಷಗಳು ಅವರಿಗೆ ಮುಂದೆ ಬಂದವು. ಕವಿತೆ ನನ್ನದಲ್ಲ ಎಂದು ಅವರು ಎಲ್ಲೂ ಹೇಳಲಿಲ್ಲ.

ಮೈಸೂರು ಸಂಸ್ಥಾನದಲ್ಲೂ ಸ್ಥಿತಿ ಮೆದುವಾಗಿರಲಿಲ್ಲ. 1908ರಲ್ಲಿ ದಿವಾನ ವಿ.ಪಿ. ಮಾಧವರಾಯರ ಕಾಲದಲ್ಲಿ ಪತ್ರಿಕೆಗಳ ಕೈಕಟ್ಟುವ ಶಾಸನ ಬಂತು. ‘ತಾತಯ್ಯ’ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಬರೆದವರನ್ನು ಹುಡುಕುವ ಕೈ ಯಾವ ಕಾಲದಲ್ಲೂ ಉದ್ದ. ಕಬ್ಬಾಳದ ಕೋಟೆ ಪಾಳು ಬಿದ್ದ ಮೇಲೂ ಅದು ಗಿಡ್ಡವಾಗಲಿಲ್ಲ.

ಈಗಿನ ಕಾಲದಲ್ಲಿ ಆ ಕೈ ಸರ್ಕಾರದ್ದೇ ಆಗಬೇಕೆಂದಿಲ್ಲ. ‘ಸಮಗ್ರ ವಚನ ಸಂಪುಟ’ ಮಾಲೆಯ ಪ್ರಧಾನ ಸಂಪಾದಕರಾಗಿದ್ದ ಎಂ.ಎಂ. ಕಲಬುರ್ಗಿಯವರು ಶರಣರ ಅಂಕಿತಗಳ ಬಗ್ಗೆ ಯಾರಿಗಿಂತಲೂ ಹೆಚ್ಚು ತಿಳಿದವರು. ಬರೆದದ್ದೆಲ್ಲ ಸ್ವಂತ ಹೆಸರಿನಲ್ಲಿ. 1989ರಲ್ಲಿ ಸಂಶೋಧನೆಯ ಒಂದು ಬರಹಕ್ಕಾಗಿ ಒತ್ತಡ ಬಂದು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ನೋವು ಅವರನ್ನು ಬಿಡಲಿಲ್ಲ, ಬರೆಯುವುದನ್ನು ಅವರೂ ಬಿಡಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಗುಂಡಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲಿ ಕೊಲೆಯಾದರು. ಅವರ ಪತ್ರಿಕೆಯ ಹೆಸರಿನಲ್ಲೇ ಅವರ ಹೆಸರಿತ್ತು. ‘ಧೈರ್ಯವಿದ್ದರೆ ಹೆಸರು ಹಾಕಿ ಬರೆಯಿರಿ’ ಎನ್ನುವವರು ಈ ಎರಡು ಸಾವುಗಳನ್ನು ಎದುರಿಗಿಟ್ಟುಕೊಂಡು ಹೇಳಬೇಕು. ಧೈರ್ಯವನ್ನು ಒಬ್ಬರು ತಮ್ಮ ಮೇಲೆ ಹೊರಿಸಿಕೊಳ್ಳಬಹುದು, ಇನ್ನೊಬ್ಬರಿಂದ ವಸೂಲಿ ಮಾಡುವಂತಿಲ್ಲ.

ಹಾಗಿದ್ದರೆ ಹೆಸರಿಲ್ಲದ ಮಾತಿನಿಂದ ಆಗುವ ಹಾನಿ? ಅದು ಸಣ್ಣದಲ್ಲ. 2012ರ ಆಗಸ್ಟಿನಲ್ಲಿ ಯಾರು ಬರೆದರೆಂದೇ ತಿಳಿಯದ ಮೊಬೈಲ್ ಸಂದೇಶಗಳು ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರನ್ನು ಬೆದರಿಸಿದವು. ಸಾವಿರಾರು ಮಂದಿ ಕೆಲಸ, ಓದು, ಬಾಡಿಗೆ ಮನೆ ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಸಗಟು ಸಂದೇಶಗಳಿಗೆ 15 ದಿನ ತಡೆ ಹಾಕಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು.

ಆದರೆ ಈ ಸಂದೇಶಗಳು ಮನೆಮನೆಗೆ ಬಂದ ದಾರಿಯನ್ನು ನೋಡಬೇಕು. ಮೊದಲು ಬರೆದವರು ಮರೆಯಲ್ಲಿದ್ದರೂ ಅದನ್ನು ಮುಂದಕ್ಕೆ ಕಳಿಸಿದವರು ಮರೆಯಲ್ಲಿರಲಿಲ್ಲ. ಸ್ವಂತ ನಂಬರು, ಸ್ವಂತ ಫೋಟೋ. ಚಿಕ್ಕಪ್ಪ, ಗೆಳತಿ, ಜೊತೆಗೆ ಕೆಲಸ ಮಾಡುವವರು. ಕಳಿಸಿದ ಹೆಸರು ನಿಜವಾಗಿತ್ತು, ಅದನ್ನು ನೋಡಿಯೇ ಜನ ನಂಬಿದರು, ಹೊಣೆ ಮಾತ್ರ ಯಾರೂ ಹೊರಲಿಲ್ಲ. ನಿಜನಾಮ ಹಾಕಿದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ ಎಂಬುದನ್ನು ಮುರ್ಕಿ ರಕ್ತದಲ್ಲಿ ಬರೆದು ತೋರಿಸಿದೆ.

ಕಾನೂನಿನಿಂದ ಹೊಣೆ ಹುಟ್ಟಿಸಲು ಹೊರಟ ದೇಶವೂ ಇದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ನಿಜ ಗುರುತನ್ನು ದೃಢಪಡಿಸಬೇಕೆಂದು ಕಡ್ಡಾಯ ಮಾಡಿತು. 2011ರಲ್ಲಿ ಅಲ್ಲಿನ ಒಂದು ದೊಡ್ಡ ಕಂಪನಿಯ ಗಣಕಗಳಿಂದ ಸುಮಾರು 3.5 ಕೋಟಿ ಬಳಕೆದಾರರ ವಿವರ ಕಳುವಾಯಿತು. 2012ರ ಆಗಸ್ಟಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮವನ್ನೇ ರದ್ದುಪಡಿಸಿತು. ಅಕ್ರಮ ಬರಹಗಳು ಅದರಿಂದ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಭಾರತದಲ್ಲೂ ಖಾತೆಗಳಿಗೆ ಆಧಾರ್ ಜೋಡಿಸಬೇಕೆಂಬ ಅರ್ಜಿಗಳು ಮದ್ರಾಸ್ ಹೈಕೋರ್ಟಿಗೆ ಹೋಗಿದ್ದವು. 2021ರ ನಿಯಮಗಳು ಕೊನೆಗೆ ನಿಂತದ್ದು, ಇಷ್ಟವಿದ್ದವರು ಗುರುತು ದೃಢಪಡಿಸಿಕೊಳ್ಳಲು ದೊಡ್ಡ ಕಂಪನಿಗಳು ಅವಕಾಶ ಕೊಡಬೇಕು ಎಂಬಲ್ಲಿಗೆ. ಕಡ್ಡಾಯ ಮಾಡದೆ ಬಿಟ್ಟದ್ದು ಒಳ್ಳೆಯದಾಯಿತು.

ಹೆಸರನ್ನು ಪೂರ್ತಿಯಾಗಿ ಬಿಡುವ ಒಂದು ಮಾರ್ಗವನ್ನು ಧರ್ಮವೇ ಇಟ್ಟಿದೆ. ಸನ್ಯಾಸ ತೆಗೆದುಕೊಳ್ಳುವವರು ಬದುಕಿರುವಾಗಲೇ ತಮ್ಮ ಶ್ರಾದ್ಧ ಮಾಡಿಕೊಳ್ಳುವ ಪದ್ಧತಿ ಹಲವು ಪರಂಪರೆಗಳಲ್ಲಿದೆ. ಹುಟ್ಟಿದ ಹೆಸರು ಅಲ್ಲಿಗೆ ಮುಗಿಯಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಣ್ಣ 1930ರಲ್ಲಿ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳಾದರು. ಬಿಡದಿ ಹತ್ತಿರದ ಬಾನಂದೂರಿನ ಗಂಗಾಧರಯ್ಯ 1974ರಲ್ಲಿ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳಾದರು. ಹೊಸ ಹೆಸರು ಅವರಿಗೆ ಮರೆಯಾಗಲಿಲ್ಲ, ದುಡಿಮೆಯಾಯಿತು. ಸಾವಿರಾರು ಮಕ್ಕಳ ಊಟ, ವಸತಿ, ಓದಿನ ಲೆಕ್ಕ ಆ ಹೆಸರಿಗೆ ಬಿತ್ತು. ಸಿದ್ಧಗಂಗೆಯ ಸ್ವಾಮಿಗಳು 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ, ಹಲವು ದಶಕ ಆ ಲೆಕ್ಕ ನಡೆಸಿದರು. ಶಿವಣ್ಣ ಎಂಬ ಹೆಸರಿನಲ್ಲಿ ಉಳಿದಿದ್ದರೆ ಹೊರಬೇಕಾಗುತ್ತಿದ್ದ ಹೊಣೆಗಿಂತ ಇದು ಹಲವು ಪಟ್ಟು ದೊಡ್ಡದು.

ಹೆಸರು ಬಿಡುವುದಕ್ಕೂ ಹೆಸರು ಕಸಿಯುವುದಕ್ಕೂ ನಡುವೆ ಇರುವ ಅಂತರವನ್ನು ರಾಮನಗರದ ಜಾನಪದ ಲೋಕದಲ್ಲಿ ನಿಂತವರು ಯೋಚಿಸಬೇಕಾಗುತ್ತದೆ. ಎಚ್.ಎಲ್. ನಾಗೇಗೌಡರು ಕಟ್ಟಿ 1994ರಲ್ಲಿ ನಾಡಿಗೆ ತೆರೆದ ಆ ಲೋಕ ಕರ್ತೃವಿಲ್ಲದ ಹಾಡುಗಳ ಮನೆ. ಬೀಸುವ ಕಲ್ಲಿನ ಮುಂದೆ ಕೂತು ಪದ ಕಟ್ಟಿದ ಹೆಂಗಸು ಹೆಸರು ಬೇಡವೆಂದಳೋ, ಯಾರೂ ಕೇಳಲಿಲ್ಲವೋ? ಬಹಳ ಕಾಲ ಸಂಗ್ರಹಕಾರರ ಹೆಸರು ಪುಸ್ತಕದ ಮೇಲೆ ದೊಡ್ಡದಾಗಿ ಬಂತು, ಹಾಡಿದವರ ಹೆಸರು ಒಳಗೆಲ್ಲೋ ಸಣ್ಣಕ್ಷರದಲ್ಲಿ ಬಂತು, ಕೆಲವೊಮ್ಮೆ ಅದೂ ಬರಲಿಲ್ಲ. ಅಂಕೋಲಾ ಕಡೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಆ ಪರಂಪರೆಯ ಒಬ್ಬರಿಗಾದರೂ ಹೆಸರು ದಕ್ಕಿತು. ದೇವರಿಗೆ ಒಪ್ಪಿಸಲು ಮೊದಲು ಹೆಸರು ನಮ್ಮದಾಗಿರಬೇಕು. ಅದು ಕೈಗೇ ಬಾರದವರಿಗೆ ನಿರಹಂಕಾರವನ್ನು ಬೋಧಿಸುವುದು ಅನ್ಯಾಯ.

ಹೆಣ್ಣಿನ ಮಟ್ಟಿಗೆ ಈ ಪ್ರಶ್ನೆ ಯಾವಾಗಲೂ ಹೆಚ್ಚು ಇಕ್ಕಟ್ಟಿನದು. ಅತ್ಯಾಚಾರಕ್ಕೆ ಒಳಗಾದವರ ಹೆಸರನ್ನು ಪ್ರಕಟಿಸುವುದು 1983ರಿಂದ ಅಪರಾಧ. ಅಲ್ಲಿ ಹೆಸರು ಮರೆಸುವ ಹೊಣೆ ಸಮಾಜದ್ದೇ. ಮನೆಯೊಳಗಿನ ಹಿಂಸೆಯನ್ನೋ, ಗುಡಿಯ ಬಾಗಿಲಲ್ಲಿ ಜಾತಿ ಕೇಳಿದ್ದನ್ನೋ ಬರೆಯಹೊರಟ ಹಳ್ಳಿಯ ಹುಡುಗಿಗೆ ಅಂಥ ರಕ್ಷಣೆ ಸುಲಭವಾಗಿ ಸಿಗುವುದಿಲ್ಲ. ಅವಳು ಒಂದು ಬೇರೆ ಹೆಸರಿಟ್ಟುಕೊಂಡು, ಕಂಡದ್ದನ್ನು ಮಾತ್ರ, ಕಂಡಷ್ಟನ್ನೇ ಬರೆದರೆ ಅದು ಹುಸಿಯಲ್ಲ. ಅವಳ ಎದುರಿಗೆ ಒಬ್ಬ ಸಾಕ್ಷಿ ಇರುತ್ತಾಳೆ, ಕಬ್ಬಾಳಮ್ಮನೋ ಅವಳ ಒಳಗಿನ ಮನಸ್ಸೋ.

ಶರಣರ ಸಾಲಿನಲ್ಲಿ ಸೂಳೆ ಸಂಕವ್ವೆ ಎಂಬವಳೊಬ್ಬಳಿದ್ದಾಳೆ. ಉಳಿದಿರುವುದು ಒಂದೇ ವಚನ. ಲೋಕ ಅವಳನ್ನು ಗುರುತಿಸಿದ್ದು ಕಸುಬಿನಿಂದ. ಎಂಟು ನೂರು ವರ್ಷ ಕಳೆದ ಮೇಲೂ ಸಂಪುಟಗಳೂ ಪಠ್ಯಪುಸ್ತಕಗಳೂ ಅದನ್ನು ಅವಳ ಹೆಸರಿನ ಹಿಂದೆ ಹಾಗೇ ಅಂಟಿಸಿಕೊಂಡು ಬಂದಿವೆ. ಅವಳಾಗಿ ಆರಿಸಿಕೊಂಡ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆಪಡಬೇಕೆಂದು ಊರು ಹೇಳಿದವಳು ನಾಚಿಕೆಯಿಲ್ಲದ ದೇವರನ್ನು ಸಾಕ್ಷಿಗೆ ಕರೆದು ತನ್ನ ವ್ರತದ ಮಾತಾಡಿದಳು. ದಾಖಲೆಗೆ ಬೇಕಾದ ನಿಜನಾಮ ಕೊಡು ಎಂದು ಅವಳನ್ನು ಈಗ ಕೇಳಿದರೆ, ಊರು ಕೊಟ್ಟದ್ದನ್ನು ಬರೆಸುತ್ತಿದ್ದಳೋ ತಾನು ಇಟ್ಟುಕೊಂಡದ್ದನ್ನೋ?